ಕೊಶ್-ತೆರೆಕ್ ಜಂಕ್ಷನ್ನಿನ ಮಧ್ಯಾಹ್ನ

ವರದಿಯ ನಲವತ್ತೊಂದನೇ ಪುಟದ ಕೆಳಗೆ ತನ್ನ ಸಹಿ ಇದೆ ಎಂಬ ಯೋಚನೆ ಸೋಮವಾರದಿಂದ ಬುರುಲ್‌ಳನ್ನು ಬಿಟ್ಟಿರಲಿಲ್ಲ. ಒಲೆಯ ಮುಂದೆ ನಿಂತರೆ ಅದೇ, ಬಸ್ಸಿನಲ್ಲಿ ಕೂತರೆ ಅದೇ, ಮಗಳ ಜಡೆ ಹೆಣೆಯುವಾಗಲೂ ಅದೇ. "ಅಮ್ಮಾ, ನೋಯುತ್ತೆ, ಅಷ್ಟು ಬಿಗಿಯಾಗಿ ಎಳೀಬೇಡ" ಎಂದು ಸೆಜಿಮ್ ಎರಡು ಸಲ ಹೇಳಿದ ಮೇಲೆಯೇ ಅವಳ ಕೈ ಸಡಿಲವಾದದ್ದು.

ಕೊಶ್-ತೆರೆಕ್ ಜಂಕ್ಷನ್ನಿನ ಮೂಲೆಯಲ್ಲಿ, ಹಳೆಯ ಹೊಲಿಗೆ ಕಾರ್ಖಾನೆ ಇದ್ದ ಜಾಗದಲ್ಲಿ, ಹದಿನಾರು ಮಹಡಿಯ ಮೂರು ಕಟ್ಟಡಗಳು ಏಳುವುದಿತ್ತು. ನಾನೂರ ಇಪ್ಪತ್ತು ಮನೆ, ಕೆಳಗೆ ಸಾಲಾಗಿ ಅಂಗಡಿಗಳು. ಅಷ್ಟು ಜನ ಬಂದು ತುಂಬಿಕೊಂಡ ಮೇಲೆ ಸುತ್ತಲಿನ ನಾಲ್ಕು ಜಂಕ್ಷನ್ನುಗಳಿಗೆ ಎಷ್ಟು ಗಾಡಿ ಹೆಚ್ಚಾಗುತ್ತದೆ, ಸಿಗ್ನಲ್ಲಿನಲ್ಲಿ ಎಷ್ಟು ಹೊತ್ತು ನಿಲ್ಲಬೇಕಾಗುತ್ತದೆ ಎಂದು ಲೆಕ್ಕ ಹಾಕಿ ಹೇಳುವುದು ಬುರುಲ್‌ಳ ಕಚೇರಿಯ ಕೆಲಸ. ಲೆಕ್ಕ ಹಾಕಿದವಳು ಅವಳೇ. "ಗಮನಾರ್ಹ ಪರಿಣಾಮವಿಲ್ಲ" ಎಂದು ಬರೆದವಳೂ ಅವಳೇ. ಗುರುವಾರ ಮಧ್ಯಾಹ್ನ ಮೂರು ಗಂಟೆಗೆ ಬಿಷ್ಕೆಕ್ ನಗರದ ಸಮಿತಿ ಆ ವರದಿಯನ್ನು ಒಪ್ಪಿಕೊಂಡರೆ ಮುಗಿಯಿತು. ಆಮೇಲೆ ಆ ಪುಟವನ್ನು ಯಾರೂ ತೆರೆಯುವುದಿಲ್ಲ.

ಬುರುಲ್ ಬಿಷ್ಕೆಕ್ಕಿನಲ್ಲೇ ಹುಟ್ಟಿ ಬೆಳೆದವಳು. ಅಪ್ಪ ಮರ್ಶ್ರುತ್ಕಾ ಓಡಿಸುತ್ತಿದ್ದ. ಹದಿನೈದು ಜನ ಕೂರುವ ಆ ವ್ಯಾನಿನಲ್ಲಿ ಮೂವತ್ತು ಜನರನ್ನು ತುಂಬುವುದರಲ್ಲಿ ಪಳಗಿದ ಕೈ. ಬೇಸಿಗೆ ರಜೆಯಲ್ಲಿ ಮಗಳನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು, ಸುಮ್ಮನಿರಲಿ ಎಂದು "ಎದುರಿಗೆ ಬರೋ ಕೆಂಪು ಕಾರು ಎಷ್ಟು, ಎಣಿಸು" ಎನ್ನುತ್ತಿದ್ದ. ಅಂದು ಹಿಡಿದ ಎಣಿಸುವ ಚಾಳಿ ಆಮೇಲೆ ಓದಾಯಿತು, ಓದು ಕೆಲಸವಾಯಿತು. ಇನ್ನೊಂದು ಚಾಳಿ ಎಲ್ಲಿಂದ ಬಂತೋ ಗೊತ್ತಿಲ್ಲ. ಅದು ಹೆದರಿಕೆ. ಗ್ಯಾಸ್ ಆರಿಸಿದೆನೇ ಎಂದು ಮೂರನೇ ಮಹಡಿಯಿಂದ ಇಳಿದವಳು ಮತ್ತೆ ಹತ್ತಿಹೋಗಿ ನೋಡುವುದು, ಮಗಳ ಕೋಟಿನ ತೋಳಿನೊಳಗೆ ಮೂರು ಫೋನ್ ನಂಬರು ಹೊಲಿಯುವುದು, ಮಗು ಹಾಸಿಗೆಯಲ್ಲಿ ಎರಡು ಸಲ ಕೆಮ್ಮಿದರೆ ಡಾಕ್ಟರ ಹೆಸರು ಹುಡುಕುವುದು. ಕಚೇರಿಯ ಮುಖ್ಯಸ್ಥರಾದ, ಎಲ್ಲರೂ ಬಾಯ್ಕೆ, ಅಂದರೆ ಅಣ್ಣ, ಎಂದೇ ಕರೆಯುವ ಕುಬಾನ್ ಬಾಯ್ಕೆ ಅವಳಿಗೊಂದು ಹೆಸರಿಟ್ಟಿದ್ದರು, ಹಳದಿ ದೀಪ ಎಂದು. "ಕೆಂಪೂ ಆಗಲ್ಲ, ಹಸಿರೂ ಆಗಲ್ಲ, ಬರೀ ಮಿಣುಕ್ ಮಿಣುಕ್." ಎಲ್ಲರೂ ನಗುತ್ತಿದ್ದರು. ಬುರುಲ್ ಕೂಡ ನಗುತ್ತಿದ್ದಳು, ಯಾಕೆಂದರೆ ಮಾತು ಸುಳ್ಳಾಗಿರಲಿಲ್ಲ.

ಸೋಮವಾರ ಆದದ್ದಿಷ್ಟು. ಸೆಜಿಮ್‌ಳನ್ನು ದಿನಾ ಶಾಲೆಗೆ ಬಿಟ್ಟು ಬರುತ್ತಿದ್ದ ಅತ್ತೆಗೆ ಮಂಡಿ ಊದಿಕೊಂಡಿತು. ಬುರುಲ್ ಅರ್ಧ ದಿನ ರಜೆ ಹಾಕಿ ತಾನೇ ಹೊರಟಳು. ಸೆಜಿಮ್ ಹೋದ ವರ್ಷ ಒಂದನೇ ಕ್ಲಾಸು, ಬೆಳಗಿನ ಪಾಳಿ. ಹನ್ನೊಂದೂವರೆಗೆಲ್ಲ ಮನೆಗೆ ಬಂದುಬಿಡುತ್ತಿದ್ದಳು. ಸೆಪ್ಟೆಂಬರಿನಿಂದ ಎರಡನೇ ಕ್ಲಾಸು, ಎರಡನೇ ಪಾಳಿ. ಹನ್ನೆರಡೂವರೆಗೆ ಮೊದಲ ಪಾಳಿಯವರು ಹೊರಗೆ ಬರಬೇಕು, ಒಂದು ಗಂಟೆಗೆ ಎರಡನೇ ಪಾಳಿಯವರು ಒಳಗೆ ಹೋಗಬೇಕು. ಎಂಟುನೂರು ಮಕ್ಕಳಿಗೆಂದು ಕಟ್ಟಿದ ಶಾಲೆಯಲ್ಲಿ ಈಗ ಎರಡು ಸಾವಿರದ ಆರುನೂರು ಮಕ್ಕಳು.

ಕೊಶ್-ತೆರೆಕ್‌ನಲ್ಲಿ ಬಸ್ಸಿಳಿದಾಗ ಗಂಟೆ ಹನ್ನೆರಡೂ ಮೂವತ್ತೈದು. ಬುರುಲ್ ಮಗಳ ಕೈ ಹಿಡಿದು ಜೀಬ್ರಾ ಪಟ್ಟೆಯ ಹತ್ತಿರ ಬಂದವಳು ಹಾಗೇ ನಿಂತುಬಿಟ್ಟಳು. ಶಾಲೆಯ ಗೇಟಿನಿಂದ ಮಕ್ಕಳು ಮೂಟೆ ಬಿಚ್ಚಿದ ಕಡಲೆಯಂತೆ ಉರುಳಿ ಬರುತ್ತಿದ್ದರು. ಎದುರು ಫುಟ್‌ಪಾತಿನಲ್ಲಿ ಅಷ್ಟೇ ಮಕ್ಕಳು ಒಳಗೆ ಹೋಗಲು ಕಾದಿದ್ದರು. ನಡುವೆ ಕಾರುಗಳು. ಮಕ್ಕಳನ್ನು ಇಳಿಸುವವು, ಹತ್ತಿಸಿಕೊಳ್ಳುವವು, ಎರಡು ಸಾಲಾಗಿ ನಿಂತವು, ಹಾರನ್ ಮೇಲಿಂದ ಕೈ ತೆಗೆಯದವು. ಸಿಗ್ನಲ್ಲು ಹಸಿರಾಗಿ ಕೆಂಪಾಗಿ ಮತ್ತೆ ಹಸಿರಾದರೂ ಒಂದು ಗಾಡಿಯೂ ಕದಲಲಿಲ್ಲ. ಬೆನ್ನಿಗೆ ತನಗಿಂತ ದೊಡ್ಡ ಚೀಲ ಹೊತ್ತ ಹುಡುಗಿಯೊಬ್ಬಳು ಎರಡು ಬಂಪರುಗಳ ನಡುವೆ ಅಡ್ಡಡ್ಡ ನುಸುಳಿ ದಾಟಿದಳು. ಹಿಂದಿನ ಕಾರು ಒಂದು ಗೇಣು ಮುಂದೆ ಬಂದು ಗಕ್ಕನೆ ನಿಂತಿತು.

ಅಲ್ಲೇ ಅರವತ್ತು ಮೀಟರು ಆಚೆ, ತಗಡಿನ ಬೇಲಿಯ ಮೇಲೆ ಹೊಸ ಕಟ್ಟಡದ ಬಣ್ಣದ ಚಿತ್ರ. ಕಾರುಗಳು ಹೋಗಿಬರುವ ಗೇಟು ಬರುವುದು ಆ ಬೇಲಿಯಲ್ಲೇ. ನಕ್ಷೆಯಲ್ಲಿ ಅದಕ್ಕೆ ಬಾಣದ ಗುರುತು ಹಾಕಿದವಳು ತಾನು. ಆ ಗೇಟಿಗೆ ತಿರುಗಲು ಕಾಯುವ ಕಾರುಗಳ ಬಾಲ ಎಲ್ಲಿಗೆ ಬಂದು ನಿಲ್ಲುತ್ತದೆ ಎಂದು ತಿಳಿಯಲು ಈಗ ಯಾವ ಲೆಕ್ಕವೂ ಬೇಕಿರಲಿಲ್ಲ. ಬುರುಲ್ ತಾನು ನಿಂತ ಜಾಗವನ್ನು, ಕಾಲ ಕೆಳಗಿನ ಬಿಳಿ ಪಟ್ಟೆಯನ್ನು ನೋಡಿದಳು.

ಹಾಗಾದರೆ ಏಪ್ರಿಲಿನಲ್ಲಿ ಎಣಿಕೆ ಮಾಡಿದಾಗ ಇದು ಕಾಣಲಿಲ್ಲವೇ?

ಕಾಣಲಿಲ್ಲ. ಕೈಪಿಡಿಯಲ್ಲಿ ಹೇಳಿದಂತೆ ಬೆಳಿಗ್ಗೆ ಏಳರಿಂದ ಹತ್ತು, ಸಂಜೆ ನಾಲ್ಕರಿಂದ ಏಳು ಎಣಿಸಿದ್ದರು. ನಡುವೆ ಊಟ. ಎಣಿಸಲು ಬಂದಿದ್ದ ಮೂವರನ್ನು ಇದೇ ಜಂಕ್ಷನ್ನಿನ ಊಟದ ಮನೆಗೆ ಕರೆದುಕೊಂಡು ಹೋಗಿ ಲಗ್ಮಾನ್ ನೂಡಲ್ಸ್ ಹಾಕಿಸಿದವಳು ಬುರುಲ್. ಆಗ ಗಂಟೆ ಹನ್ನೆರಡೂವರೆಯೇ ಇರಬೇಕು. ಹೊರಗೆ ಹಾರನ್ನುಗಳ ಗದ್ದಲಕ್ಕೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. "ಎಜೆ, ಆ ಕಿಟಕಿ ಒಂಚೂರು ಮುಚ್ತೀರಾ?" ಎಂದು ಬಡಿಸುವ ಅಕ್ಕನಿಗೆ ಹೇಳಿದವಳೂ ಅವಳೇ. ಕಿಟಕಿ ಮುಚ್ಚಿತು. ಲಗ್ಮಾನ್ ಬಿಸಿಯಾಗಿತ್ತು.

ಈ ಊರಿನಲ್ಲಿ ಪಾಳಿಯಿಲ್ಲದ ಶಾಲೆಯಲ್ಲಿ ಓದಿದವರನ್ನು ಹುಡುಕಿದರೂ ಸಿಗುವುದಿಲ್ಲ. ಬುರುಲ್ ಸ್ವತಃ ನಾಲ್ಕು ವರ್ಷ ಎರಡನೇ ಪಾಳಿಯಲ್ಲಿ ಓದಿದ್ದಳು. ಚಳಿಗಾಲದಲ್ಲಿ ಕತ್ತಲಾದ ಮೇಲೆ ಮನೆಗೆ ಬರುವಾಗ ಬೆರಳು ಮರಗಟ್ಟುತ್ತಿದ್ದದ್ದು ಇನ್ನೂ ನೆನಪಿತ್ತು. ಆದರೂ ಎಣಿಕೆಯ ಹಾಳೆಯಲ್ಲಿ ಇದ್ದದ್ದು ಎರಡೇ ಕಾಲಮ್ಮು, ಬೆಳಿಗ್ಗೆ ಮತ್ತು ಸಂಜೆ. ಅವಳು ಅದನ್ನು ತುಂಬಿದಳು. ಹಾಳೆ ಕೇಳದೇ ಇದ್ದದ್ದು ಅವಳಿಗೂ ಹೊಳೆಯಲಿಲ್ಲ.

ಅಂದು ಸಂಜೆ ಗಂಡ ಎರ್ಮೆಕ್‌ಗೆ ಹೇಳಿದಳು. ಅವನು ಲಿಫ್ಟು ರಿಪೇರಿಯವನು. ದಿನವಿಡೀ ಜನರ ಗಾಬರಿಯನ್ನೇ ಕೇಳಿ ಬಂದವನು.

"ನೀನು ಯಾವುದಕ್ಕೆ ಹೆದರಲ್ಲ ಹೇಳು ನೋಡೋಣ" ಎಂದು ಚಹಾ ಬಗ್ಗಿಸಿಕೊಂಡ. "ಹೋದ ಬೇಸಿಗೇಲಿ ರಸ್ತೆಬದಿ ಕಾಲುವೆಗೆ ಹೆದರಿದ್ದೆ. ಮೊಣಕಾಲುದ್ದ ನೀರು. ಮಗಳಿಗೆ ರಬ್ಬರ್ ಟ್ಯೂಬ್ ತಂದಿದ್ದೆ."

"ಇದು ಹಾಗಲ್ಲ ಎರ್ಮೆಕ್."

"ಪ್ರತಿ ಸಲಾನೂ ಹಾಗಲ್ಲ ಅಂತೀಯ."

ಬುರುಲ್‌ಳನ್ನು ಒಳಗೊಳಗೇ ಕೊರೆಯುತ್ತಿದ್ದದ್ದೂ ಅದೇ. ಇದು ಜಂಕ್ಷನ್ನಿನ ತೊಂದರೆಯೋ, ತನ್ನ ತಲೆಯದೋ? ಕಾಲುವೆ ಕಂಡು ಎದೆ ಹೊಡೆದುಕೊಂಡದ್ದಕ್ಕೂ ಇವತ್ತು ಹೊಡೆದುಕೊಂಡದ್ದಕ್ಕೂ ಏನು ವ್ಯತ್ಯಾಸ?

ಗೋಡೆಗೆ ಆನಿಸಿದ ದಿಂಬುಗಳ ಮೇಲೆ ಮಂಡಿಗೆ ಬಟ್ಟೆ ಸುತ್ತಿಕೊಂಡು ಕೂತಿದ್ದ ಅತ್ತೆ ಆಗ ಬಾಯಿ ತೆರೆದರು. "ಏನು, ಆ ಪಟ್ಟೆ ಮೇಲೆ ದಾಟಿಸೋಕೆ ಹೋಗಿದ್ಯಾ? ನಿನಗೇನು ತಲೆ ಕೆಟ್ಟಿದೆಯಾ?"

"ಮತ್ತೆ ಎಲ್ಲಿ ದಾಟ್ತೀರಾ, ಅಪಾ?"

"ಔಷಧಿ ಅಂಗಡಿ ತನಕ ಕೆಳಗೆ ಹೋಗಿ, ಅಲ್ಲಿ ದಾಟಿ, ವಾಪಸ್ ಮೇಲೆ ಬರ್ತೀವಿ. ಅಜ್ಜಿಯರೆಲ್ಲಾ ಹಾಗೇ. ಕಾಲು ಗಂಟೆ ಜಾಸ್ತಿ. ಮಂಡಿ ಊದಿದ್ದು ಮತ್ತೆ ಯಾಕೆ ಅಂದ್ಕೊಂಡೆ, ಕುಣಿಯೋಕೆ ಹೋಗಿದ್ನಾ?" ಎಂದು ಅವರು ಬಟ್ಟೆಯನ್ನು ಇನ್ನೊಂದು ಸುತ್ತು ಬಿಗಿದರು. "ನನಗೆ ಯಾರು ಹೇಳಿಕೊಡಬೇಕು? ನೀನೇ ರಸ್ತೆ ಓದಿದವಳು."

ಮಂಗಳವಾರ ಬೆಳಿಗ್ಗೆ ಬುರುಲ್ ಆಸಾನಾಲಿ ಆತಾನ ಮನೆಗೆ ಹೋದಳು. ನಲವತ್ತು ವರ್ಷ ಟ್ರಾಲಿಬಸ್ಸು ಓಡಿಸಿ ನಿವೃತ್ತನಾದ ಮುದುಕ, ಎಲ್ಲರಿಗೂ ಆತಾ, ಅಂದರೆ ಅಜ್ಜ. ಏಪ್ರಿಲಿನಲ್ಲಿ ಎಣಿಕೆಗೆ ಬಂದ ಮೂವರಲ್ಲಿ ಅವನೂ ಒಬ್ಬ. ಅವನು ಎಣಿಸಿದ ಹಾಳೆಯಲ್ಲಿ ಒಂದು ತಪ್ಪೂ ಸಿಗುತ್ತಿರಲಿಲ್ಲ.

"ಆತಾ, ಇವತ್ತು ನಾಳೆ ಎರಡು ದಿನ, ಹನ್ನೆರಡರಿಂದ ಒಂದೂವರೆ. ಕಚೇರಿ ಕೆಲಸ ಅಲ್ಲ. ನನ್ನ ಕೆಲಸ."

"ಕೂಲಿ?"

"ಲಗ್ಮಾನ್."

"ಕಿಟಕಿ ತೆರೆದಿಟ್ಟಾ, ಮುಚ್ಚಿಟ್ಟಾ?" ಎಂದ ಮುದುಕ.

ಬುರುಲ್‌ಳ ಮುಖ ಕೆಂಪಾಯಿತು. "ಅವತ್ತೇ ಯಾಕೆ ಹೇಳಲಿಲ್ಲ ನೀವು?"

"ಹೇಳೋಕೆ ನಾನ್ಯಾರು ಮಗಳೇ? ಹಾಳೆ ನಿಂದು, ಪೆನ್ಸಿಲ್ ನಿಂದು. ಎಣಿಸು ಅಂದೆ, ಎಣಿಸಿದೆ. ತಿನ್ನು ಅಂದೆ, ತಿಂದೆ." ಅವನು ಬಿಳಿ ಫೆಲ್ಟಿನ ಟೋಪಿಯನ್ನು ತಲೆಗೆ ಒತ್ತಿಕೊಂಡ. "ಆ ಜಂಕ್ಷನ್ನಲ್ಲಿ ಮಧ್ಯಾಹ್ನ ಟ್ರಾಲಿಬಸ್ ನಿಲ್ಲಿಸ್ಕೊಂಡು ನಾನು ಎಷ್ಟು ಚಹಾ ಕುಡಿದಿದೀನಿ ಗೊತ್ತಾ ನಿನಗೆ? ನಡಿ."

ಅವಳು ಕಚೇರಿಗೆ ಹಲ್ಲುನೋವು ಎಂದು ಹೇಳಿ ಜಂಕ್ಷನ್ನಿಗೆ ಹೋದಳು. ಸುಳ್ಳು ಹೇಳಿ ಅಭ್ಯಾಸವಿಲ್ಲದ್ದರಿಂದ ದಾರಿಯುದ್ದಕ್ಕೂ ನಿಜವಾಗಿಯೂ ಹಲ್ಲು ನೋಯುತ್ತಿರುವಂತೆ ಕೆನ್ನೆ ಹಿಡಿದುಕೊಂಡಿದ್ದಳು. ಮುದುಕ ಗಾಡಿಗಳನ್ನು ಎಣಿಸಿದ, ಅವಳು ಮಕ್ಕಳನ್ನು. ಹದಿನೈದು ನಿಮಿಷಕ್ಕೊಂದು ಗೆರೆ. ಒಂದು ಗಂಟೆಗೆ ಎರಡು ನಿಮಿಷವಿರುವಾಗ, ತಮ್ಮ ಕಟ್ಟಡದ ಎರಡನೇ ಮಹಡಿಯ ನೆರೆಮನೆಯಾಕೆಯ ಕೈಹಿಡಿದು ಸೆಜಿಮ್ ಔಷಧಿ ಅಂಗಡಿಯ ಕಡೆಯಿಂದ ಸುತ್ತಿ ಬಂದು ಶಾಲೆಯೊಳಗೆ ಹೋದದ್ದು ಕಾಣಿಸಿತು. ಬುರುಲ್ ಮಗಳನ್ನು ಎಣಿಕೆಯಲ್ಲಿ ಸೇರಿಸಲಿಲ್ಲ. ಪಟ್ಟೆಯ ಮೇಲೆ ದಾಟಿದವರನ್ನಷ್ಟೇ ಬರೆಯಬೇಕು. ಹಾಗೆ ಸುತ್ತುಹಾಕಿ ಬರುವವರು ಯಾವ ಹಾಳೆಯಲ್ಲೂ ಬರುವುದಿಲ್ಲ ಎಂದು ಅವಳಿಗೆ ಆಗ ಹೊಳೆಯಿತು.

ಬುಧವಾರವೂ ಎಣಿಸಿದರು. ಅಂಕಿಗಳು ಹೆಚ್ಚೂಕಡಿಮೆ ಹಿಂದಿನ ದಿನದ್ದೇ. ಏಪ್ರಿಲಿನ ಬೆಳಗಿನಲ್ಲಿ ಅತಿ ದಟ್ಟವಾದ ಹದಿನೈದು ನಿಮಿಷಕ್ಕೆ ಮುನ್ನೂರು ಗಾಡಿ. ಈಗ ಹನ್ನೆರಡೂವರೆಯಿಂದ ಮುಕ್ಕಾಲರವರೆಗೆ ಮುನ್ನೂರ ನಲವತ್ತನಾಲ್ಕು. ಅದೇ ಹದಿನೈದು ನಿಮಿಷದಲ್ಲಿ ರಸ್ತೆ ದಾಟಿದ ಮಕ್ಕಳು ನಾನೂರ ಹತ್ತು.

ಅವಳು ಹಾಳೆ ಮಡಿಸಿ ಚೀಲಕ್ಕೆ ಹಾಕಿದಳು. ಕಾಲುವೆಗೆ ಹೆದರಿದಾಗ ತನ್ನ ಬಳಿ ಅಂಕಿ ಇರಲಿಲ್ಲ. ಇದಕ್ಕೆ ಇದೆ.

ಮಧ್ಯಾಹ್ನ ಎರಡೂವರೆಗೆ ಕುಬಾನ್ ಬಾಯ್ಕೆಯ ಕೋಣೆಯ ಬಾಗಿಲು ತಟ್ಟಿದಳು.

"ಬಾ ಬಾ, ಹಳದಿ ದೀಪ. ಹಲ್ಲು ಕೀಳಿಸಿದ್ಯಾ?"

"ಬಾಯ್ಕೆ, ಕೊಶ್-ತೆರೆಕ್ ಎಣಿಕೆ ತಪ್ಪಾಗಿದೆ."

"ಲೆಕ್ಕ ತಪ್ಪಿದೆಯಾ?"

"ಲೆಕ್ಕ ಸರಿ ಇದೆ. ಹೊತ್ತು ತಪ್ಪಿದೆ."

ಅವಳು ಹಾಳೆಗಳನ್ನು ಮೇಜಿನ ಮೇಲೆ ಹರಡಿದಳು. ಹೊಸ ಅಂಕಿಗಳನ್ನು ಕಂಪ್ಯೂಟರಿಗೆ ಹಾಕಿ ನೋಡಿದ ಪುಟವನ್ನೂ ಇಟ್ಟಳು. ಗೇಟಿಗೆ ಕಾಯುವ ಕಾರುಗಳ ಸಾಲು ತೊಂಬತ್ತು ಮೀಟರು. ಗೇಟಿನಿಂದ ಜೀಬ್ರಾ ಪಟ್ಟೆಗೆ ಇರುವುದು ಅರವತ್ತು. ಕುಬಾನ್ ಬಾಯ್ಕೆ ಕನ್ನಡಕ ಹಾಕಿಕೊಂಡು ಎಲ್ಲವನ್ನೂ ನಿಧಾನವಾಗಿ ನೋಡಿದರು. ಕೆಟ್ಟ ಮನುಷ್ಯರಲ್ಲ; ಬುರುಲ್‌ಗೆ ಸೆಜಿಮ್ ಹುಟ್ಟಿದಾಗ ಕಚೇರಿಯವರನ್ನೆಲ್ಲ ಸೇರಿಸಿ ತೊಟ್ಟಿಲು ಕೊಡಿಸಿದವರು. ನೋಡಿ ಮುಗಿಸಿ ಹಾಳೆಗಳನ್ನು ಅಂಚು ಕೂಡಿಸಿ ಜೋಡಿಸಿದರು.

"ಕೈಪಿಡೀಲಿ ಎಷ್ಟು ಕಾಲಮ್ ಇದೆ?"

"ಎರಡು."

"ಮೂರನೇದು ಗೀಚೋಕೆ ನಾನ್ಯಾರು?"

"ಆದ್ರೆ ಬಾಯ್ಕೆ, ನಿಮ್ಮ ಮೊಮ್ಮಗನೂ ಎರಡನೇ ಪಾಳಿಗೆ ಹೋಗ್ತಾನಲ್ಲ..."

"ಅದಕ್ಕೇ ಹೇಳ್ತಿರೋದು. ಎಲ್ಲರ ಮನೇಲೂ ಮಕ್ಕಳಿದಾರೆ, ಎಲ್ಲಾ ಶಾಲೇಲೂ ಪಾಳಿ ಇದೆ. ಇದೊಂದಕ್ಕೆ ಮೂರನೇ ಕಾಲಮ್ ಬರೆದ್ರೆ ಹಿಂದಿನ ಎಲ್ಲಾ ವರದೀನೂ ಎತ್ತಿ ತೋರಿಸ್ತಾರೆ. ಇದಕ್ಕೆ ಯಾಕಿಲ್ಲ, ಅದಕ್ಕೆ ಯಾಕಿಲ್ಲ ಅಂತ." ಅವರು ಬಟ್ಟಲಿಗೆ ಚಹಾ ಹಾಕಿ ಅವಳ ಮುಂದೆ ಸರಿಸಿದರು. "ಇನ್ನೊಂದು ಮಾತು. ನಿನ್ನ ಮಗಳು ಅಲ್ಲೇ ಓದ್ತಾಳೆ. ನೀನು ಹೇಗೆ ಅಂತ ಎಲ್ಲರಿಗೂ ಗೊತ್ತು. ಸಮಿತಿಯವರು ಏನಂತಾರೆ? ಪಾಪ, ತಾಯಿ, ಗಾಬರಿಯಾಗಿದಾಳೆ ಅಂತಾರೆ. ಅಷ್ಟೇ ಆಗೋದು."

ಬುರುಲ್ ಬಟ್ಟಲು ಮುಟ್ಟಲಿಲ್ಲ. "ಒಂದು ತಿಂಗಳು ಮುಂದೆ ಹಾಕಿಸಿ, ಬಾಯ್ಕೆ. ಗೇಟನ್ನ ಹಿಂದಿನ ಬೀದಿಗೆ ತಿರುಗಿಸಿದ್ರೆ ಸಾಕು. ಕಟ್ಟಡ ಬೇಡ ಅಂತ ನಾನು ಹೇಳ್ತಿಲ್ಲ."

"ಹಿಂದಿನ ಬೀದಿ ಕಡೆ ಕಟ್ಟಡದೋರು ಅಂಗಡಿ ಮಾರಿಯಾಗಿದೆ." ಅವರ ದನಿ ಏರಲಿಲ್ಲ. "ನೋಡು ಬುರುಲ್, ಸಹಿ ಹಾಕಿ ವಾಪಸ್ ತಗೊಂಡೋರ ಸಹೀನ ಆಮೇಲೆ ಯಾರೂ ಕೇಳಲ್ಲ. ನಾನೂ ಕೇಳಕ್ಕಾಗಲ್ಲ. ಚಹಾ ಕುಡಿ, ತಣ್ಣಗಾಗುತ್ತೆ."

ಹೊರಗೆ ಬಂದಾಗ ಅವಳ ಎದೆ ಹೊಡೆದುಕೊಳ್ಳುತ್ತಿತ್ತು. ಇದು ಹಳೆಯ ಹೆದರಿಕೆ. ಕೆಲಸ, ಮನೆ ಬಾಡಿಗೆ, ಎರ್ಮೆಕ್‌ನ ಮುಖ. ಸಮಿತಿಯ ಮುಖ್ಯ ಎಂಜಿನಿಯರ್ ನಾಜಿರಾ ಎಜೆಯ ನಂಬರು ಅವಳ ಫೋನಿನಲ್ಲಿತ್ತು. ತರಬೇತಿಯೊಂದರಲ್ಲಿ ಪಾಠ ಮಾಡಿದ್ದರು. ಪ್ರಶ್ನೆ ಕೇಳಿದವರನ್ನೇ ಎಬ್ಬಿಸಿ ನಿಲ್ಲಿಸಿ ಉತ್ತರ ಹೇಳಿಸುವ ಹೆಂಗಸು. ಬುಧವಾರ ಸಂಜೆ ಬಸ್ಸಿಗೆ ಕಾಯುತ್ತಾ ಎರಡು ಸಲ ಆ ಹೆಸರಿನ ಮೇಲೆ ಬೆರಳಿಟ್ಟಳು, ಎರಡು ಸಲ ತೆಗೆದಳು. ಏನೆಂದು ಹೇಳುವುದು? ನಾನು ಊಟ ಮಾಡುತ್ತಾ ಕಿಟಕಿ ಮುಚ್ಚಿಸಿದೆ ಎಂದೇ?

ಗುರುವಾರ ಅತ್ತೆಯ ಮಂಡಿ ಇಳಿದಿರಲಿಲ್ಲ, ನೆರೆಮನೆಯಾಕೆ ಊರಿನಲ್ಲಿರಲಿಲ್ಲ. ಬುರುಲ್ ಮತ್ತೆ ಮಗಳನ್ನು ಕರೆದುಕೊಂಡು ಹೊರಟಳು. ಇಬ್ಬರೂ ಔಷಧಿ ಅಂಗಡಿಯ ತನಕ ಇಳಿದು, ದಾಟಿ, ಮೇಲೆ ಬಂದರು. ಅವರ ಹಿಂದೆ ಮುಂದೆ ಹತ್ತಾರು ಅಜ್ಜಿಯರು, ಕೈಯಲ್ಲೊಂದು ಮಗು, ಇನ್ನೊಂದು ಕೈಯಲ್ಲಿ ಮಗುವಿನ ಚೀಲ. ಯಾರೂ ದೂರುತ್ತಿರಲಿಲ್ಲ. ಇದು ದಾರಿ ಎಂಬಂತೆ ನಡೆಯುತ್ತಿದ್ದರು.

"ಅಮ್ಮಾ, ನಾನು ಮೂರನೇ ಕ್ಲಾಸಿಗೆ ಬಂದ್ಮೇಲೆ ಒಬ್ಬಳೇ ಬರ್ತೀನಿ" ಎಂದಳು ಸೆಜಿಮ್. "ಆಗ ಪಟ್ಟೆ ಮೇಲೇ ದಾಟ್ತೀನಿ. ಇಷ್ಟು ದೂರ ಯಾರು ಸುತ್ತುತ್ತಾರೆ?"

ಬುರುಲ್ ಮಗಳ ಕೋಟಿನ ಗುಂಡಿ ಹಾಕಿ, ಒಳಗೆ ಕಳಿಸಿದಳು. ಕಟ್ಟಡದಲ್ಲಿ ಜನ ತುಂಬುವ ಹೊತ್ತಿಗೆ ಸೆಜಿಮ್ ಮೂರನೇ ಕ್ಲಾಸಿನಲ್ಲಿರುತ್ತಾಳೆ.

ಅವಳು ನೇರ ಊಟದ ಮನೆಗೆ ಹೋದಳು. ಅದೇ ಕಿಟಕಿ, ಅದೇ ಮೇಜು. ಆಸಾನಾಲಿ ಆತಾ ಆಗಲೇ ಬಂದು ಕೂತಿದ್ದ.

"ಇವತ್ತು ಎಣಿಕೆ ಇಲ್ಲ, ಆತಾ."

"ಎಣಿಕೆ ಇಲ್ಲದಿದ್ರೆ ಹೊಟ್ಟೆ ಇಲ್ವಾ?" ಎಂದ ಮುದುಕ. ಅವಳ ಮುಖ ನೋಡಿ ಚಮಚ ಕೆಳಗಿಟ್ಟ.

ಹನ್ನೆರಡೂ ಮೂವತ್ತೆಂಟು. ಮೂರು ಗಂಟೆಗೆ ಸಭೆ. ಹೊರಗೆ ಸಿಗ್ನಲ್ಲು ಹಸಿರಾಯಿತು, ಏನೂ ಕದಲಲಿಲ್ಲ. ಬುರುಲ್ ಎದ್ದು ಕಿಟಕಿಯ ಚಿಲಕ ತೆಗೆದಳು. ಎರಡೂ ರೆಕ್ಕೆ ಹಾರುಹೊಡೆದು ತೆರೆದವು. ಗದ್ದಲ ಒಳಗೆ ನುಗ್ಗಿತು. ಬಡಿಸುವಾಕೆ ಅಡುಗೆಮನೆಯಿಂದ ತಲೆ ಹಾಕಿ "ಅಯ್ಯೋ, ಏನಮ್ಮ ಇದು!" ಎಂದಳು. ಬುರುಲ್ ಫೋನು ಕಿವಿಗಿಟ್ಟಳು.

ನಾಲ್ಕನೇ ರಿಂಗಿಗೆ ಎತ್ತಿದರು.

"ಯಾರು?"

"ನಾಜಿರಾ ಎಜೆ, ನಾನು ಬುರುಲ್. ಕೊಶ್-ತೆರೆಕ್ ವರದಿ ಬರೆದವಳು. ಅದರ ನಲವತ್ತೊಂದನೇ ಪುಟದ ನನ್ನ ಸಹಿ ವಾಪಸ್ ತಗೋತಿದೀನಿ. ಅದನ್ನ ಇವತ್ತು ಒಪ್ಪಿಕೊಳ್ಳಬೇಡಿ."

"ಏನಂದೆ? ಏನೂ ಕೇಳಿಸ್ತಿಲ್ಲ. ಎಲ್ಲಿದೀಯ ನೀನು? ಅದೇನು ಗದ್ದಲ? ಕಿಟಕಿ ತೆರೆದಿದ್ರೆ ಮೊದಲು ಮುಚ್ಚಮ್ಮ."

"ಇಲ್ಲ ಎಜೆ" ಎಂದಳು ಬುರುಲ್, ದನಿಯೇರಿಸಿ. "ಮುಚ್ಚಲ್ಲ. ಏಪ್ರಿಲಲ್ಲಿ ಮುಚ್ಚಿದ್ದೆ, ಅದೇ ತಪ್ಪಾಗಿದ್ದು. ಈಗ ಗಂಟೆ ಹನ್ನೆರಡೂ ನಲವತ್ತು. ನಾನು ಒಂದೊಂದಾಗಿ ಹೇಳ್ತೀನಿ, ನೀವು ಬರಕೊಳ್ಳಿ."